ಹಸಿರು ಜಾಲರಿ

"ಏನೇ ಮುಂಡೇದೆ, ಬಾಯಲ್ಲಿ ಚಿಂದಿ ತುರ್ಕೊಂಡಿದೀಯಾ? ಸಾಹೇಬ್ರು ಕೇಳ್ತಿದಾರೆ, ಬೊಗಳು," ಎಂದು ಮೇಸ್ತ್ರಿ ನನ್ನ ಬೆನ್ನಿಗೆ ತಿವಿದ.

ಅಪಘಾತದ ವಿಚಾರಣೆಗೆ ಸರ್ಕಾರದ ಕಡೆಯಿಂದ ಬಂದಿದ್ದ ಸಾಹೇಬ ಅವನನ್ನು ಕೈಸನ್ನೆಯಲ್ಲೇ ತಡೆದ. ಮೆತ್ತಗಿನ ಮನುಷ್ಯ. ಪಕ್ಕದ ಕುರ್ಚಿಯಲ್ಲಿ ಕಾರ್ಖಾನೆಯ ಯಜಮಾನ ಕೂತು ಹಲ್ಲುಕಡ್ಡಿ ಆಡಿಸುತ್ತಿದ್ದ.

"ಹೆದರ್ಬೇಡಮ್ಮ. ನಿಮ್ಮತ್ತಿಗೆ ಮಿಷಿನ್ ಜಾಲರಿ ತೆಗೆದು ಕೈ ಹಾಕಿದ್ಲಲ್ಲ, ಆಗ ನೀನೆಷ್ಟು ದೂರ ಇದ್ದೆ?"

"ಒಂದು ಮಾರು, ಸಾ."

"ಜಾಲರಿ ಒಂದ್ ಕೈಲಿ ಎತ್ತಿದ್ಲಾ, ಎರಡೂ ಕೈಲಾ?"

ನಾನು ತಲೆಯಾಡಿಸಿದೆ.

"ಎರಡೂ ಕೈಲಂತೆ," ಎಂದ ಮೇಸ್ತ್ರಿ. ಸಾಹೇಬ ಬರೆದುಕೊಂಡ.

ನಮ್ಮದು ಹಳೇ ಬಟ್ಟೆ ಸಿಗಿದು ಹತ್ತಿ ಮಾಡುವ ಕಾರ್ಖಾನೆ. ಮಿಷಿನ್ನುಗಳ ಗದ್ದಲದಲ್ಲಿ ಪಕ್ಕದವಳು ಕಿರುಚಿದರೂ ಕೇಳಿಸದು. ಮೇಸ್ತ್ರಿ ಹೇಳಿದ್ದು ತಿಳಿಯದೆ "ಏನು" ಎಂದರೆ ಏಟು ಬೀಳುತ್ತದೆ. ಅದಕ್ಕೇ ಯಾರ ತುಟಿ ಅಲ್ಲಾಡಿದರೂ ಕೋಲೆಬಸವನ ಹಾಗೆ ತಲೆಯಾಡಿಸಿಬಿಡುತ್ತೇವೆ. ಹೊಸಬರಿಗೆ ನಾವು ಮೊದಲು ಕಲಿಸುವುದೇ ಅದನ್ನು, ಮಿಷಿನ್ನಿಗೆ ಬಟ್ಟೆ ಒಡ್ಡುವುದನ್ನು ಆಮೇಲೆ. ವಿಚಾರಣೆಯ ಆ ಸದ್ದಿಲ್ಲದ ಕೋಣೆಯಲ್ಲೂ ನನ್ನ ಹಾಳು ತಲೆ ತನ್ನ ಕೆಲಸ ತಾನು ಮಾಡಿತ್ತು.

ಅಲ್ಲಿಯವರೆಗೆ ನನ್ನ ಕಣ್ಣಲ್ಲಿದ್ದದ್ದು ಇಷ್ಟೇ: ತಿರುಗುವ ಉರುಳೆ, ಅದಕ್ಕೆ ಸಿಕ್ಕ ಅತ್ತಿಗೆಯ ತೋಳು, ಸದ್ದೇ ಬಾರದೆ ತೆರೆದುಕೊಂಡ ಅವಳ ಬಾಯಿ. ಮನೆಗೆ ನಡೆಯುವಾಗ ಅದರ ಮುಂದೆ, ಕೈ ಸಿಕ್ಕದ ಹಾಗೆ ಅಡ್ಡ ಹಾಕುವ ಒಂದು ಜಾಲರಿ ಬಂದು ನಿಂತಿತು. ಮೊದಲು ಬರೀ ತಂತಿ. ಆಮೇಲೆ ಹಸಿರು ಬಣ್ಣ. ಆಮೇಲೆ ಅದನ್ನು ಎತ್ತುವ ಅತ್ತಿಗೆಯ ಎರಡು ಕೈ. ಮನೆ ಮುಟ್ಟುವ ಹೊತ್ತಿಗೆ ಆಣೆ ಮಾಡಿ ಹೇಳುವಷ್ಟು ಸ್ಪಷ್ಟವಾಗಿತ್ತು.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಬಲಗೈ ಮೊಣಕೈವರೆಗೆ ಹೋಗಿದೆ. ಈಗ ಅವಳ ಜಡೆ ಹಾಕುವುದು ನಾನೇ.

"ಏನ್ ಕೇಳಿದ್ರು?" ಎಂದಳು, ನಾನು ಸಿಕ್ಕು ಬಿಡಿಸುತ್ತಿದ್ದಾಗ.

"ನೀನು ಜಾಲರಿ ತೆಗ್ದಿದ್ದು."

"ಯಾವ ಜಾಲರಿ?"

"ಹಸಿರುದು. ಎರಡೂ ಕೈಲಿ ಎತ್ತಿದ್ಯಲ್ಲ ಅತ್ತಿಗೆ."

ಅವಳು ಸರ್ರನೆ ತಿರುಗಿದಳು. "ನೀನು ನೋಡಿದ್ಯಾ?"

"ನೋಡ್ದೆ."

"ಆ ಮಿಷಿನ್ನಿಗೆ ಜಾಲರಿ ಅಂತ ಇದ್ದಿದ್ದೇ ನಾನು ಕಂಡಿಲ್ಲ ಕಣೆ. ಬಟ್ಟೆ ಬೇಗ ನುಂಗ್ಲಿ ಅಂತ ಎಂದೋ ಕಿತ್ತಾಕಿದಾರೆ. ಕೈಯಂತೂ ಹೋಯ್ತು. ತಪ್ಪೂ ನಂದೇ ಅಂತಾದ್ರೆ ಆ ಬೋಳಿಮಗ ಪರಿಹಾರ ಅಂತ ಬಿಡಿಗಾಸೂ ಬಿಚ್ಚಲ್ಲ. ನಿಮ್ಮಣ್ಣನ ಮಕ್ಕಳು ಮಣ್ಣು ತಿನ್ಬೇಕಾ?"

ಜಡೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಅರ್ಧ ಹೆಣೆದದ್ದು ಹಾಗೇ ಬಿಚ್ಚಿಕೊಂಡಿತು.

ಅತ್ತಿಗೆ ಜಗಳಗಂಟಿ, ಹಠಮಾರಿ, ಎಲ್ಲಾ ಸರಿ. ಸುಳ್ಳುಬುರುಕಿಯಲ್ಲ. ಸುಳ್ಳು ಹೇಳುವಷ್ಟು ತಾಳ್ಮೆ ಅವಳಿಗೆ ಎಲ್ಲಿಂದ ಬರಬೇಕು? ಹಾಗಾದರೆ ನನ್ನ ಕಣ್ಣಿಗೆ ಏನಾಗಿದೆ? ಆ ಮಿಷಿನ್ನಿನ ಮೇಲೆ ಈಗ ಹಸಿರು ಜಾಲರಿ ಇದ್ದೇ ಇದೆ, ದಿನವೂ ನೋಡುತ್ತೇನೆ. ಅವತ್ತೂ ಇತ್ತೇ, ಆಮೇಲೆ ಬಂತೇ? ಎಷ್ಟು ನೆನೆದರೂ ಜಾಲರಿ ಇಲ್ಲದ ಮಿಷಿನ್ನು ಕಣ್ಣಿಗೆ ಕಟ್ಟಲಿಲ್ಲ. ಅತ್ತಿಗೆಯ ಅನ್ನಕ್ಕೆ ನಾನೇ ಕಲ್ಲು ಹಾಕಿದ್ದೆ.

ಸಾಹೇಬ ಮತ್ತೆ ಬಂದಾಗ ಅತ್ತಿಗೆಯನ್ನೂ ಕರೆಸಿದರು. ಅವಳು ನನ್ನ ಪಕ್ಕದಲ್ಲಿ ನಿಂತಳೇ ಹೊರತು ಮುಖ ನೋಡಲಿಲ್ಲ.

"ಜಾಲರಿ ಎತ್ತಿದ್ದನ್ನ ನಾದಿನಿಯೇ ಕಣ್ಣಾರೆ ನೋಡಿದಾಳೆ," ಎಂದು ಸಾಹೇಬ ಓದಿದ. "ಸರೀನೇನಮ್ಮ?"

ಏನು ಹೇಳಲಿ? ಇಲ್ಲ ಎನ್ನಲು ನನ್ನ ಕಣ್ಣಲ್ಲಿ ಸಾಕ್ಷಿಯಿರಲಿಲ್ಲ. ಹೂಂ ಎಂದರೆ ಅತ್ತಿಗೆ ಬೀದಿಪಾಲು. ನಾನು ಯಜಮಾನನ ಕಡೆ ತಿರುಗಿ, ಆ ಸಾಹೇಬನಷ್ಟೇ ಮೆತ್ತಗೆ ಕೇಳಿದೆ.

"ಜಾಲರಿ ಗಟ್ಟಿಯಾಗಿ ಕೂತಿದೆ ಯಜಮಾನ್ರೇ. ಅದನ್ನ ಹಾಕೋಕೆ ಒಬ್ರು ಸಾಕಾದ್ರಾ, ಇಬ್ರು ಬೇಕಾಯ್ತಾ?"

"ಇಬ್ರು ಯಾಕೆ? ಇವಳನ್ನ ಆಸ್ಪತ್ರೆಗೆ ಸಾಗಿಸಿ ಬಂದೋನೇ ಹೊಸದು ತರ್ಸಿ, ನಾನೇ ನಿಂತು ಒಬ್ಬನ ಕೈಲೇ ಹಾಕ್ಸಿ..."

ಹಲ್ಲುಕಡ್ಡಿ ತುಟಿಯಲ್ಲೇ ನಿಂತಿತು. ಮೇಸ್ತ್ರಿ ಸುಮ್ಮನೆ ಕೆಮ್ಮಿದ. ಅತ್ತಿಗೆ ಈಗ ನನ್ನ ಮುಖ ನೋಡಿದಳು.

ಸಾಹೇಬ ಪೆನ್ನಿನ ಮುಚ್ಚಳ ಹಾಕಿದ. "ಸರಿ, ವಿಚಾರಣೆ ಮುಗೀತು."

ನಾನು ಹೋಗಿ ಹೊಸ್ತಿಲ ಮೇಲೆ ಕೂತೆ. "ಯಜಮಾನ್ರು ಹೇಳಿದ್ದನ್ನೂ ಬರ್ಕೊಳ್ಳಿ ಸಾಹೇಬ್ರೇ. ಬರ್ಕೊಳ್ದೆ ಯಾವ ಸೂಳೆಮಗನೂ ನನ್ನ ದಾಟಿ ಹೋಗಲ್ಲ."

ಅತ್ತಿಗೆ ಬಂದು ನನಗೆ ಒತ್ತಿಕೊಂಡು ಕೂತಳು. ಬ್ಯಾಂಡೇಜಿನ ತೋಳು ನನ್ನ ಪಕ್ಕೆಗೆ ತಾಗಿತು. ಮೇಸ್ತ್ರಿ ಅಂಗಿಯ ತೋಳು ಮಡಚುತ್ತಾ ಬರುತ್ತಿದ್ದ.

ನಾನು ಕಣ್ಣು ಮುಚ್ಚಿದೆ. ಅಲ್ಲಿ ಅತ್ತಿಗೆ ತನ್ನ ಎರಡೂ ಕೈಯಿಂದ ಹಸಿರು ಜಾಲರಿಯನ್ನು ಇನ್ನೂ ಎತ್ತುತ್ತಲೇ ಇದ್ದಳು.