ಇಲ್ಲದವರ ಬೆಂಚು

ಔಷಧ ಸರಬರಾಜು ಇಲಾಖೆಯ ಎರಡನೇ ಮಹಡಿಯಲ್ಲಿ, ಹಿಂದೆ ಪೊರಕೆ ಬಕೆಟ್ಟು ಇಡುತ್ತಿದ್ದ ಕೋಣೆಯಲ್ಲಿ, ಇಡೀ ಕಚೇರಿಯ ಕಂಪ್ಯೂಟರುಗಳನ್ನು ನಡೆಸುವ ಸರ್ವರ್ ಇತ್ತು. ಅದನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿದ್ದವನಿಗೆ ಎಲ್ಲರೂ ಸರ್ವರಣ್ಣ ಎನ್ನುತ್ತಿದ್ದರು. ಜನರೇಟರು ಕೆಮ್ಮಿದರೆ ಅವನೇ ಬರಬೇಕು, ಫೋನು ಸತ್ತರೆ ಅವನೇ ಬರಬೇಕು, ಶೀತಲ ಕೋಣೆಯ ಬಾಗಿಲಿನ ರಬ್ಬರು ಸಡಿಲವಾದರೂ ಅವನೇ. ಕರೆದಾಗ ಗೊಣಗುತ್ತ ಬರುತ್ತಿದ್ದ. ಕರೆಯದಿದ್ದರೆ ಇನ್ನೂ ಜಾಸ್ತಿ ಗೊಣಗುತ್ತಿದ್ದ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದುಕೊಂಡ ಮುದುಕಿಗೂ ಅವನಿಗೂ ಏನೂ ವ್ಯತ್ಯಾಸವಿರಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಅವನ ವಿಷಯದಲ್ಲಿ ಅದು ಸ್ವಲ್ಪ ನಿಜವೂ ಆಗಿತ್ತು. ಮೂರು ವರ್ಷದ ಹಿಂದೆ ಅವನು ಜ್ವರ ಬಂದು ಮಲಗಿದಾಗ ಮೂರು ದಿನ ಆ ಕಟ್ಟಡದಿಂದ ಒಂದು ಮಾತ್ರೆಯೂ ಆಚೆ ಹೋಗಿರಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ ಆಮೇಲೆ ನಿರ್ದೇಶಕರು ಒಬ್ಬ ಹೆಂಗಸನ್ನು ಕರೆಸಿಕೊಂಡರು. ಏನೇ ಕೆಟ್ಟರೂ, ಯಾರೇ ಇಲ್ಲದಿದ್ದರೂ ಕೆಲಸ ನಿಲ್ಲದ ಹಾಗೆ ಯೋಜನೆ ಮಾಡುವುದು ಆಕೆಯ ಕೆಲಸ. ಐವತ್ತು ದಾಟಿದ ವಯಸ್ಸು, ದಪ್ಪ ಕನ್ನಡಕ, ಕಂಕುಳಲ್ಲಿ ಒಂದು ನೋಟ್‌ಬುಕ್ಕು. ಆಕೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಕರೆಂಟು ಹೋದರೆ ಜನರೇಟರು ಇದೆ ಎಂದರೆ, ಇಲ್ಲಾಂದ್ರೆ ಎನ್ನುತ್ತಿದ್ದರು. ಡೀಸೆಲ್ ತರಲು ಕಾವಲುಗಾರ ಇದ್ದಾನೆ ಎಂದರೆ, ಇಲ್ಲಾಂದ್ರೆ ಎನ್ನುತ್ತಿದ್ದರು. ವಾರದೊಳಗೆ ಆಕೆಗೆ ಇಲ್ಲಾಂದ್ರಮ್ಮ ಎಂದು ಹೆಸರು ಬಿತ್ತು. ಅದು ಆಕೆಯ ಕಿವಿಗೂ ಬಿತ್ತು, ಆಕೆ ನಕ್ಕುಬಿಟ್ಟರು.

ಮೊದಮೊದಲು ಎಲ್ಲರೂ ಮೂಗು ಮುರಿದರು. ಆದರೆ ಆಕೆಯ ಕೆಲಸ ನೋಡಿದವರ ಬಾಯಿ ತಾನಾಗಿ ಮುಚ್ಚಿತು. ತುರ್ತಿಗೆ ಯಾರಿಗೆ ಫೋನು ಮಾಡಬೇಕು ಎಂಬ ಮೂವತ್ತೊಂದು ನಂಬರುಗಳ ಪಟ್ಟಿಯೊಂದು ಗೋಡೆಯ ಮೇಲೆ ವರ್ಷಗಟ್ಟಲೆ ತೂಗುತ್ತಿತ್ತು. ಆಕೆ ಒಂದು ಬೆಳಿಗ್ಗೆ ಕೂತು ಮೂವತ್ತೊಂದಕ್ಕೂ ಫೋನು ಮಾಡಿದರು. ಒಂಬತ್ತು ತಪ್ಪು. ಒಂದು ನಂಬರಿನವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಫೋನೆತ್ತಿ, ಇಲಾಖೆಯವರು ಇಷ್ಟು ದಿನಕ್ಕೆ ನೆನಪಿಸಿಕೊಂಡರಾ ಎಂದು ಅತ್ತರಂತೆ. ಇಲ್ಲಾಂದ್ರಮ್ಮ ಅಂದೇ ಸಂಜೆ ಅವರ ಮನೆಗೆ ಹೋಗಿ ಎರಡು ಗಂಟೆ ಕೂತು ಬಂದರು. ಯೋಜನೆಯ ಕಾಗದದಲ್ಲಿ ಅದನ್ನು ಯಾರೂ ಬರೆದಿರಲಿಲ್ಲ.

ಬೆಂಚಿನ ಪದ್ಧತಿ ತಂದದ್ದೂ ಆಕೆಯೇ. ಪ್ರತಿ ಬುಧವಾರ ಬೆಳಿಗ್ಗೆ ಯಾರಾದರೊಬ್ಬರ ಕೈಗೆ ಚೀಟಿ ಬರುತ್ತಿತ್ತು: ನೀವು ಇಂದು ಇಲ್ಲ. ಚೀಟಿ ಸಿಕ್ಕವರು ಸಂಜೆಯ ತನಕ ಎರಡನೇ ಮಹಡಿಯ ಮೊಗಸಾಲೆಯ ಬೆಂಚಿನ ಮೇಲೆ ಕೂರಬೇಕು. ಮಾತಿಲ್ಲ, ಸನ್ನೆಯಿಲ್ಲ. ಅವರ ಕೆಲಸವನ್ನು ಉಳಿದವರು ಆಕೆ ಬರೆದಿಟ್ಟ ನೋಟ್‌ಬುಕ್ಕು ನೋಡಿಕೊಂಡು ಮಾಡಬೇಕು. ಎಲ್ಲಿ ತಡವರಿಸಿದರು ಎಂದು ಆಕೆ ಬರೆದುಕೊಳ್ಳುತ್ತಿದ್ದರು.

ಇದೆಲ್ಲ ತನಗಲ್ಲ ಎಂದು ಸರ್ವರಣ್ಣ ಆರಾಮಾಗಿದ್ದ. ಅಷ್ಟರಲ್ಲಿ ಅವನ ತಂಗಿಯ ವಿಷಯ ಬಂತು. ತಂಗಿಯ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರುತ್ತಿದ್ದಳು. ಅಣ್ಣನ ಕಿಡ್ನಿ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಅವಳಿಗೆ ಜ್ವರ ಬಂದು ಆಪರೇಷನ್ನಿನ ದಿನ ಒಮ್ಮೆ ತಪ್ಪಿತ್ತು. ಈಗ ಮತ್ತೆ ಸೋಮವಾರವೊಂದನ್ನು ಗೊತ್ತು ಮಾಡಿದ್ದರು. ಇದೂ ತಪ್ಪಿದರೆ ಇನ್ನು ಮೂರು ತಿಂಗಳು ಕಾಯಬೇಕು, ಅಷ್ಟು ದಿನ ಅವಳ ದೇಹ ತಡೆಯುವುದಿಲ್ಲ ಎಂದು ಡಾಕ್ಟರು ಅವಳಿಗೆ ಕೇಳಿಸದ ಹಾಗೆ ಅವನೊಬ್ಬನಿಗೇ ಹೇಳಿದರು.

ಎರಡು ತಿಂಗಳ ರಜೆ ಬೇಕಿತ್ತು. ನಿರ್ದೇಶಕರೇನೂ ಕಲ್ಲು ಮನಸ್ಸಿನವರಲ್ಲ. ಆದರೆ ಆ ಮೂರು ದಿನದ ಫೈಲು ತೆಗೆದು ಅವನ ಮುಂದಿಟ್ಟರು. ಔಷಧವಿಲ್ಲದೆ ರೋಗಿಗಳನ್ನು ವಾಪಸು ಕಳಿಸಿದ ಆಸ್ಪತ್ರೆಗಳ ಕಾಗದಗಳು ಅದರಲ್ಲಿದ್ದವು. ನೀನಿಲ್ಲದೆ ಕಚೇರಿ ನಡೆಯುತ್ತದೆ ಎಂದು ಆಯಮ್ಮ ಸಹಿ ಹಾಕಲಿ, ಆ ಕ್ಷಣವೇ ರಜೆ ಕೊಡುತ್ತೇನೆ ಎಂದರು. ನೋಡಿ, ವಿಧಿಯಾಟ. ತಾನಿಲ್ಲದೆ ನಡೆಯುವುದಿಲ್ಲ ಎಂದು ಇಪ್ಪತ್ತಾರು ವರ್ಷ ಬೀಗಿದವನು ಈಗ ನಡೆಯುತ್ತದೆ ಎಂದು ತೋರಿಸಬೇಕಾಯಿತು.

ಇಲ್ಲಾಂದ್ರಮ್ಮ ಮಾರನೆಯ ದಿನವೇ ಒಂದು ಸ್ಟೂಲು ತಂದು ಅವನ ಪಕ್ಕದಲ್ಲಿ ಹಾಕಿಕೊಂಡರು. ಮೂರು ವಾರ ಅವನು ಮುಟ್ಟಿದ್ದನ್ನೆಲ್ಲ ಬರೆದುಕೊಂಡರು. ಯಾವ ಸ್ವಿಚ್ಚು ಮೊದಲು, ಯಾವುದು ಆಮೇಲೆ, ಯಾವ ತಂತಿಯನ್ನು ಅಲುಗಾಡಿಸಬಾರದು, ಅಲುಗಾಡಿಸಿದರೆ ಏನು ಮಾಡಬೇಕು. ನೂರಹದಿನಾರು ಪುಟ ತುಂಬಿತು. ಅವನು ರೇಗುತ್ತಿದ್ದ, ಆಕೆ ತಲೆ ತಗ್ಗಿಸಿಕೊಂಡು ಬರೆಯುತ್ತಲೇ ಇದ್ದರು. ಅವನ ಜಾಗದಲ್ಲಿ ಕೂರಲು ಆಕೆ ಆರಿಸಿದ್ದು ಕಚೇರಿಯ ಟೈಪಿಸ್ಟನ್ನು. ಅವನ ಹೊಟ್ಟೆ ಉರಿದುಹೋಯಿತು. ಟೈಪಿಸ್ಟ್ ನಲವತ್ತೈದರ ಮೃದು ಹೆಂಗಸು. ಪಕ್ಕದ ಮೇಜಿನವರಿಗೂ ಕೇಳದಷ್ಟು ಮೆಲ್ಲಗೆ ಮಾತಾಡುವಾಕೆ. ಸರ್ವರ್ ಗುಂಯ್ ಎಂದರೆ ಈಕೆ ಕುರ್ಚಿ ಹತ್ತುತ್ತಾಳೆ ಎಂದು ಸರ್ವರಣ್ಣ ಎಲ್ಲರೆದುರೂ ಆಡಿಕೊಂಡ.

ಅವನು ಬೆಂಚಿನ ಮೇಲೆ ಕೂತ ಮೊದಲ ಬುಧವಾರ ಟೈಪಿಸ್ಟ್ ತಪ್ಪು ಸ್ವಿಚ್ಚಿನ ಕಡೆ ಕೈ ಚಾಚಿದಳು. ತೆರೆದ ಬಾಗಿಲಿನಾಚೆ ಕೂತಿದ್ದ ಅವನಿಗೆ ತಡೆಯಲಾಗಲಿಲ್ಲ, ಕೆಮ್ಮಿದ. ಇಲ್ಲಾಂದ್ರಮ್ಮ ನೋಟ್‌ಬುಕ್ಕು ಮುಚ್ಚಿದರು.

"ಇಲ್ಲದೋರು ಕೆಮ್ಮಲ್ಲ," ಎಂದರು.

ಪರೀಕ್ಷೆ ಅಲ್ಲಿಗೇ ನಿಂತಿತು, ಅವನೇ ಎದ್ದು ಹೋಗಿ ಉಳಿದ ಕೆಲಸ ಮಾಡಿದ. ಆ ಬುಧವಾರ ಹಾಗೆ ಹೋಯಿತು. ಸೋಮವಾರಕ್ಕೆ ಮೊದಲು ಉಳಿದದ್ದು ಇನ್ನೊಂದೇ ಬುಧವಾರ.

ಆ ದಿನ ಅವನು ಬಾಯಿಗೆ ಬೀಗ ಹಾಕಿಕೊಂಡೇ ಬಂದ. ಬೆಂಚನ್ನು ಅಂಗಳದ ಕಡೆಯ ಕಿಟಕಿಯ ಹತ್ತಿರಕ್ಕೆ ಸರಿಸಿದ್ದರು. ಎಂಟೂವರೆಗೆ ಇಲ್ಲಾಂದ್ರಮ್ಮ ಯಾರಿಗೂ ಹೇಳದೆ ಸರ್ವರಿನ ಕರೆಂಟು ತೆಗೆದರು. ಟೈಪಿಸ್ಟ್ ನೋಟ್‌ಬುಕ್ಕಿನ ಸಾಲುಗಳ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ನಲವತ್ತು ನಿಮಿಷದಲ್ಲಿ ಅದನ್ನು ಎಬ್ಬಿಸಿದಳು. ಆಸ್ಪತ್ರೆಗಳ ಪಟ್ಟಿ ಅಚ್ಚಾಗಿ ಬಂತು. ಶೀತಲ ಕೋಣೆಯ ಹೆಂಗಸರು ಪಟ್ಟಿ ನೋಡಿಕೊಂಡು ಪೆಟ್ಟಿಗೆ ತುಂಬತೊಡಗಿದರು. ಸರ್ವರಣ್ಣ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು, ಸೋಮವಾರ ಬಂದೇ ಬಿಟ್ಟಿತು ಎಂದುಕೊಂಡ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಅವನು ಕಿಟಕಿಯಿಂದ ಕೆಳಗೆ ನೋಡಿದ. ಬಂದರಿನ ಕಡೆ ಹೋಗುವ ವ್ಯಾನಿಗೆ ಪೆಟ್ಟಿಗೆಗಳನ್ನು ಏರಿಸಿ ಬಾಗಿಲು ಹಾಕುತ್ತಿದ್ದರು. ನೀಲಿ ಮುಚ್ಚಳದ ಪೆಟ್ಟಿಗೆ ಇರಲಿಲ್ಲ.

ನೀಲಿ ಮುಚ್ಚಳದ್ದು ದ್ವೀಪದ ಆಸ್ಪತ್ರೆಯ ಪೆಟ್ಟಿಗೆ. ಕಂಪ್ಯೂಟರಿನ ಪಟ್ಟಿಯಲ್ಲಿದ್ದದ್ದು ದಿನವೂ ವ್ಯಾನು ಹೋಗುವ ನಲವತ್ತೊಂದು ಆಸ್ಪತ್ರೆ. ದ್ವೀಪಕ್ಕೆ ದೋಣಿ ಹೋಗುವುದು ವಾರಕ್ಕೊಮ್ಮೆ, ಬುಧವಾರ ಮಧ್ಯಾಹ್ನ. ಹನ್ನೊಂದು ವರ್ಷದ ಹಿಂದೆ ಆ ಆಸ್ಪತ್ರೆ ಶುರುವಾದಾಗ, ಪಟ್ಟಿಗೆ ಆಮೇಲೆ ಸೇರಿಸಿದರಾಯಿತು ಎಂದು ಅವನು ಅಚ್ಚಾದ ಹಾಳೆಯ ಕೆಳಗೆ ಅದರ ಹೆಸರನ್ನು ಪೆನ್ನಿನಲ್ಲಿ ಬರೆದಿದ್ದ. ಆ ಆಮೇಲೆ ಬರಲೇ ಇಲ್ಲ. ಹನ್ನೊಂದು ವರ್ಷ ಪ್ರತಿ ಬುಧವಾರ ಅವನ ಕೈ ಅದನ್ನು ಬರೆಯಿತು. ಕಿವಿ ತುರಿಸಿಕೊಂಡದ್ದನ್ನು ಯಾರು ನೆನಪಿಡುತ್ತಾರೆ? ಹಳೆಯ ಡ್ರೈವರಾದರೂ ಇದ್ದಿದ್ದರೆ ಕೇಳುತ್ತಿದ್ದ, ಅವನು ಹೋದ ತಿಂಗಳು ನಿವೃತ್ತನಾಗಿದ್ದ. ಶೀತಲ ಕೋಣೆಯವರು ಪಟ್ಟಿಯಲ್ಲಿ ಇಲ್ಲ ಎಂದರೆ ಸಮುದ್ರ ಕೆಟ್ಟು ದೋಣಿ ನಿಂತಿರಬೇಕು ಎಂದುಕೊಂಡಿದ್ದರು.

ಅವನು ಆ ದ್ವೀಪಕ್ಕೆ ಒಮ್ಮೆ ಕಂಪ್ಯೂಟರು ಕೂರಿಸಲು ಹೋಗಿದ್ದ. ಎರಡು ಕೋಣೆಯ ಆಸ್ಪತ್ರೆ, ಸೂಟ್‌ಕೇಸಿನಷ್ಟಿದ್ದ ಫ್ರಿಜ್ಜು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ಹನ್ನೆರಡು ಜನ, ಅವರಲ್ಲಿ ಮೂರು ಮಕ್ಕಳು. ವಾರದ್ದು ವಾರಕ್ಕೇ ಸರಿ, ಒಂದು ದಿನದ್ದೂ ಮಿಗುವುದಿಲ್ಲ ಎಂದು ಅಲ್ಲಿನ ನರ್ಸು ಹೇಳಿದ್ದಳು.

ಬಾಯಿ ಬಿಟ್ಟರೆ ತಂಗಿಯ ಸೋಮವಾರ ಹೋಯಿತು. ಬಿಡದಿದ್ದರೆ ಆ ಹನ್ನೆರಡು ಜನ. ಯಾರಾದರೂ ಈಗ ನೋಡಲಿ, ಯಾರಾದರೂ ಕೇಳಲಿ ಎಂದು ಅವನು ಕಂಡಕಂಡ ದೇವರಿಗೆಲ್ಲ ಮೊರೆಯಿಟ್ಟ. ಕೆಳಗೆ ವ್ಯಾನು ಸ್ಟಾರ್ಟಾಯಿತು. ಅವನಿಗೆ ತಂಗಿಯ ಮುಖ ಕಣ್ಣೆದುರು ಬಂತು. ಎದ್ದು ನಿಂತಾಗಲೂ ಅದು ಕಣ್ಣೆದುರಲ್ಲೇ ಇತ್ತು.

"ದ್ವೀಪದ ಪೆಟ್ಟಿಗೆ ಹೋಗ್ತಾ ಇಲ್ಲ," ಎಂದ. "ವ್ಯಾನು ನಿಲ್ಸಿ."

ನಿಲ್ಲಿಸಿದರು. ಹತ್ತು ನಿಮಿಷದಲ್ಲಿ ಪೆಟ್ಟಿಗೆ ತುಂಬಿ ಕಳಿಸಿದರು. ಅವನು ಬೆಂಚಿನ ಮೇಲೆ ಕುಸಿದು ತಲೆಯ ಮೇಲೆ ಕೈ ಹೊತ್ತು ಕೂತ. ಇಲ್ಲಾಂದ್ರಮ್ಮ ಬಂದು ಪಕ್ಕದಲ್ಲಿ ಕೂತರು. ಫೇಲಾ ಎಂದು ಅವನು ಕೇಳಿದ. ಫೇಲು ಎಂದರು ಆಕೆ, ಬೆಣ್ಣೆ ಹಚ್ಚದೆ. ಇದು ಯಾಕೆ ನೋಟ್‌ಬುಕ್ಕಿನಲ್ಲಿಲ್ಲ ಎಂದು ಕೇಳಿದರು. ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ ಎಂದ. ಆಕೆ ತಾವು ಬರೆದ ಪುಟಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿದರು.

"ಮೂರು ವಾರ ನಿಮ್ಮ ಪಕ್ಕ ಕೂತೆ," ಎಂದರು ಕೊನೆಗೆ. "ಬುಧವಾರಗಳಲ್ಲಿ ಮಾತ್ರ ಕೂರಲಿಲ್ಲ. ಅದು ಬೆಂಚಿನ ದಿನ ಅಂತ ಬೇರೆಯೋರ ಹಿಂದೆ ಓಡಾಡ್ತಿದ್ದೆ. ತಪ್ಪು ನಂದು."

ಬರೀ ಬಾಯಿಮಾತಲ್ಲ. ಅಂದಿನ ವರದಿಯ ಮೊದಲ ಸಾಲಿನಲ್ಲೇ ಆಕೆ ಅದನ್ನು ಬರೆದು ಸಹಿ ಹಾಕಿದರು. ತಪ್ಪಾದರೆ ಪಕ್ಕದವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವವರನ್ನೇ ಕಂಡಿದ್ದ ಆ ಕಟ್ಟಡದಲ್ಲಿ ಆ ಸಾಲನ್ನು ಜನ ಒಬ್ಬರಾದ ಮೇಲೊಬ್ಬರು ಬಂದು ಓದಿಕೊಂಡು ಹೋದರು. ಆಮೇಲೆ ಆಕೆ ನಿರ್ದೇಶಕರ ಕೋಣೆಗೆ ಹೋಗಿ, ಈ ವಾರ ಶುಕ್ರವಾರವನ್ನೇ ಬುಧವಾರ ಮಾಡುತ್ತೇನೆ, ದ್ವೀಪದ ಪೆಟ್ಟಿಗೆ ಖಾಲಿಯಾದರೂ ಸರಿ ಬಂದರಿನ ತನಕ ಹೋಗಿ ಬರಲಿ ಎಂದರು. ಹೊರಗೆ ಬಂದು, ಬೆಳಿಗ್ಗೆ ಆರಕ್ಕೆ ಬರಬೇಕು, ಯಾರಿಗೂ ಬಲವಂತವಿಲ್ಲ ಎಂದರು. ಎಲ್ಲರೂ ಬಂದರು. ಶೀತಲ ಕೋಣೆಯವರು ಬಂದರು, ಕಾವಲುಗಾರ ಬಂದ, ಹೊಸ ಡ್ರೈವರು ಐದೂವರೆಗೇ ಬಂದು ವ್ಯಾನು ಒರೆಸಿಕೊಂಡು ನಿಂತಿದ್ದನಂತೆ. ಇವರಿಗೆಲ್ಲ ತನ್ನನ್ನು ಕಂಡರೆ ಆಗುವುದಿಲ್ಲ ಎಂದು ಸರ್ವರಣ್ಣ ಎಷ್ಟು ವರ್ಷ ನಂಬಿದ್ದ!

ಸರ್ವರಣ್ಣನನ್ನು ಮಾತ್ರ ಬರಬೇಡಿ ಎಂದಿದ್ದರು. ನಿಮ್ಮ ಮುಖ ನೋಡಿದರೇ ಎಲ್ಲರಿಗೂ ಉತ್ತರ ಗೊತ್ತಾಗುತ್ತದೆ ಎಂದು ಅವನ ಫೋನನ್ನೂ ಇಸಿದುಕೊಂಡಿದ್ದರು. ಅವನು ಶುಕ್ರವಾರ ಇಡೀ ದಿನ ತಂಗಿಯ ಮನೆಯಲ್ಲಿ ಕೂತ. ಕೂತ ಎನ್ನುವುದು ಮಾತಿಗೆ. ಕಿಟಕಿಗೂ ಬಾಗಿಲಿಗೂ ಎಷ್ಟು ಸಲ ಓಡಾಡಿದನೋ. ತಂಗಿ ಗೆರೆ ಹಾಕಿದ ಬಾಟಲಿಯಿಂದ ಡಾಕ್ಟರು ಅಳೆದು ಹೇಳಿದ ದಿನದ ಪಾಲಿನ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತ, ನೆಲ ಸವೆಯುತ್ತೆ ಕಣೋ ಎಂದು ರೇಗಿಸಿದಳು. ಡಾಕ್ಟರು ಹೇಳಿದ ಮೂರು ತಿಂಗಳ ಮಾತನ್ನು ಅವನು ಅವಳಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿದೆ ಎಂದು ಅವನಿಗೆ ಅನುಮಾನವಿತ್ತು.

ನಾಲ್ಕು ಗಂಟೆಗೆ ಹೊಸ ಡ್ರೈವರು ಬಂದು ಒಂದು ಲಕೋಟೆ ಕೊಟ್ಟ. ನಿಂತಲ್ಲೇ ಎಲ್ಲ ಹೇಳಿದ. ಇಲ್ಲಾಂದ್ರಮ್ಮ ಕರೆಂಟು ತೆಗೆದರಂತೆ, ಫೋನು ತೆಗೆದರಂತೆ, ಸಾಲದು ಅಂತ ನೋಟ್‌ಬುಕ್ಕಿನ ಎರಡು ಹಾಳೆಯನ್ನೇ ಕಿತ್ತಿಟ್ಟುಕೊಂಡರಂತೆ. ಟೈಪಿಸ್ಟ್ ಹತ್ತೊಂಬತ್ತು ನಿಮಿಷದಲ್ಲಿ ಸರ್ವರ್ ಎಬ್ಬಿಸಿದಳಂತೆ. ದ್ವೀಪವನ್ನು ಕಂಪ್ಯೂಟರಿನ ಪಟ್ಟಿಗೇ ಸೇರಿಸಿದಳಂತೆ, ನಲವತ್ತೆರಡನೆಯದಾಗಿ. ಸರ್ವರಣ್ಣನಿಗೇ ಇಪ್ಪತ್ತೈದು ನಿಮಿಷ ಬೇಕಾಗುತ್ತಿತ್ತು.

ಡ್ರೈವರು ಹೋದ ಮೇಲೆ ಅವನು ಕಾಗದ ತೆಗೆದು ಓದಿದ. ರಜೆ ಮಂಜೂರಾಗಿತ್ತು. ಕೆಳಗೆ ಇಲ್ಲಾಂದ್ರಮ್ಮನ ದುಂಡು ಅಕ್ಷರ: ಇವರ ಗೈರುಹಾಜರಿಯಲ್ಲಿ ಕಚೇರಿಯ ಕೆಲಸ ಯಾವ ಕುಂದೂ ಇಲ್ಲದೆ ನಡೆಯುತ್ತದೆ. ಅವನು ಮೂರು ಸಲ ಓದಿದ. ಕಣ್ಣು ತುಂಬಿ ನಾಲ್ಕನೆಯ ಸಲ ಓದಲಾಗಲಿಲ್ಲ. ಸಂತೋಷಕ್ಕೋ ಸಂಕಟಕ್ಕೋ ಅವನಿಗೇ ತಿಳಿಯಲಿಲ್ಲ, ಎರಡೂ ಇತ್ತು.

ಏನಂತೆ ಎಂದು ತಂಗಿ ಕೇಳಿದಳು.

"ನಾನಿಲ್ದಿದ್ರೂ ನಡೆಯುತ್ತಂತೆ," ಎಂದ.

ತಂಗಿ ಬಾಟಲಿಯನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು.

"ಅವರಿಗೆ ನಡೆಯುತ್ತೆ ಅಣ್ಣ," ಎಂದಳು. "ನಂಗೆ ನಡೆಯಲ್ಲ."

ಅವನು ತೋಳಿನಿಂದ ಕಣ್ಣೊರೆಸಿಕೊಂಡು, ಸೋಮವಾರಕ್ಕೆ ಬಟ್ಟೆ ತುಂಬುವ ಚೀಲ ಎಲ್ಲಿಟ್ಟಿದ್ದೀಯ ಎಂದು ಕೇಳಿದ.