ಹೊಗೆ ನಿಂತ ಮೇಲೆ

ಕನ್ನಡಿಯಲ್ಲಿ ಹಿಂದಿನ ರಸ್ತೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ, ಈಗಷ್ಟೇ ದಾಟಿ ಬಂದ ಪಾಂಡವಪುರ, ಟ್ರಾಕ್ಟರಿನಿಂದ ಉದುರಿದ ಕಬ್ಬಿನ ಸೋಗೆ, ಅದನ್ನು ಎಳೆದು ತಿನ್ನುತ್ತ ನಿಂತ ಎಮ್ಮೆ, ಎಲ್ಲವೂ ತೊಳೆದಿಟ್ಟ ಹಾಗೆ, ಹೊಗೆಯ ಒಂದು ಎಳೆಯೂ ಇಲ್ಲ — ಮೊದಲಾದರೆ ಈ ಕನ್ನಡಿಯಲ್ಲಿ ನೀಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಹಿಂದೆ ಬರುವ ಸ್ಕೂಟರಿನವನು ಮೂಗು ಮುಚ್ಚಿಕೊಂಡು ಬೈಯುತ್ತಲೇ ಮುಂದೆ ಹೋಗುತ್ತಿದ್ದ — ಈಗ ರಸ್ತೆ ಕಾಣುತ್ತದೆ, ಕನ್ನಡಿಯ ಮೂಲೆಯಲ್ಲಿ ಲಕ್ಷ್ಮಿಯ ಅರ್ಧ ಮುಖ ಕಾಣುತ್ತದೆ, ನನ್ನ ಹೆಂಡತಿ ಪುಟ್ಟಲಕ್ಷ್ಮಮ್ಮ, ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೊಂದು ಬುಟ್ಟಿ, ಬುಟ್ಟಿಯಲ್ಲಿ ಅವಳ ಅಪ್ಪನ ವರ್ಷದ ತಿಥಿಗೆ ಎಡೆ ಇಡಲು ಹೊಸ ಪಂಚೆ, ಎಲೆಯಡಿಕೆ, ನಮ್ಮ ಗಂಜಾಂನಿಂದ ತಂದ ಅಂಜೂರ, ಅವರಿಗೆ ಅದೆಂದರೆ ಪ್ರಾಣ. ಹೊರಡುವಾಗ ಮುಂದೆ ಬಾ ಅಂದೆ, ಇಲ್ಲೇ ಚೆನ್ನಾಗದೆ ಬುಡಿ, ಬುಟ್ಟಿ ಇಟ್ಕಳಕಾಯ್ತದೆ ಅಂದಳು. ಬುಟ್ಟಿ ಇಲ್ಲದ ದಿನವೂ ಅಲ್ಲೇ ಕೂರುತ್ತಾಳೆ, ಅಪ್ಪ ಹೋದಾಗಿನಿಂದ, ಜಗಳವೇನೂ ಇಲ್ಲ, ಮಾತು ಬಿಟ್ಟಿಲ್ಲ, ಊಟಕ್ಕೆ ಕರೆಯುತ್ತಾಳೆ, ಅಂಗಿಗೆ ಗುಂಡಿ ಹಾಕಿಕೊಡುತ್ತಾಳೆ, ಕಾರಿನ ಬಾಗಿಲು ತೆಗೆದಾಗ ಮಾತ್ರ ಹಿಂದಿನ ಬಾಗಿಲನ್ನೇ ತೆಗೆಯುತ್ತಾಳೆ, ಪಕ್ಕದ ಸೀಟು ಖಾಲಿ, ಉದ್ದಕ್ಕೆ, ಬಿಸಿಲು ಬಿದ್ದು ಬಿಸಿಯಾಗಿ.

ಇಂಜಿನ್ ಎಣ್ಣೆ ಕುಡಿಯುವ ಕಾರು ಎಂದು ಗೊತ್ತಿದ್ದೇ ತಂದದ್ದು, ಮೈಸೂರಿನಲ್ಲಿ ನಿವೃತ್ತರಾದ ಇಂಜಿನಿಯರೊಬ್ಬರ ಬಿಳಿ ಅಂಬಾಸಿಡರು, ಮೀಟರಿನ ಅಂಕಿಗಳು ಕೊನೆ ಮುಟ್ಟಿ ಮತ್ತೆ ಸೊನ್ನೆಯಿಂದ ಶುರುವಾಗಿದ್ದವು, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ಬರೆಯುವ ಚಿಕ್ಕಸ್ವಾಮಿಗೆ ಕಾರು ಯಾಕಂತೆ ಎಂದು ನನ್ನನ್ನು ಆಡಿಕೊಂಡವರೇ ಎಲ್ಲ, ಲಕ್ಷ್ಮಿ ಮಾತ್ರ ಹಾಗನ್ನಲಿಲ್ಲ, ಮುಂದೆ ಕೂತು ಗಾಜು ಇಳಿಸಿ ಮೊಣಕೈ ಹೊರಗಿಟ್ಟು, ನಡೀರಿ ಅಂದಳು, ಎಲ್ಲಿಗೆ ಅಂದೆ, ಎಲ್ಲಿಗಾದ್ರೂ ಸರಿ, ಕರಿಘಟ್ಟಕ್ಕೇ ಓಗನ ಅಂದಳು. ಬೆಟ್ಟ ಹತ್ತುವಾಗ ಬಂತಲ್ಲ ಹೊಗೆ, ದೇವಸ್ಥಾನಕ್ಕೆ ಬಂದವರೆಲ್ಲ ಬೆಂಕಿ ಬಿತ್ತೇನೋ ಎಂದು ತಿರುಗಿ ನೋಡಿದರು, ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಎಲ್ಲೋ ಸೋರುತ್ತಿರಬೇಕು ಎಂದುಕೊಂಡು ಕೆಳಗೆ ಪೇಪರು ಹಾಸಿ ನೋಡಿದೆ, ತೊಟ್ಟೂ ಬಿದ್ದಿರಲಿಲ್ಲ, ಅಂದರೆ ಒಳಗೇ ಸುಡುತ್ತಿದೆ, ದಪ್ಪ ಎಣ್ಣೆ ಹಾಕಿಸಿದೆ, ಸ್ವಲ್ಪ ದಿನ ಕಡಿಮೆಯಾದಂತೆ ಕಂಡಿತು, ಚಳಿ ಬಿದ್ದ ಕೂಡಲೇ ಬೆಳಗ್ಗೆ ಎದ್ದು ನೂಕಬೇಕಾಯಿತು, ಹೊಗೆ ನಿಲ್ಲುತ್ತದೆಂದು ಎಣ್ಣೆಗೆ ಜೇನಿನಂತೆ ಇಳಿಯುವ ಡಬ್ಬಿ ಔಷಧಿ ಸುರಿದೆ, ಇಂಜಿನ್ನು ಉಸಿರಾಡುವ ಕೊಳವೆಯನ್ನು ಬಿಚ್ಚಿ ಅಂಟಿದ್ದ ಕರಿ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದೆ, ವಾಲ್ವಿನ ಸೀಲು ಬದಲಿಸಿದೆ, ಬೆಳಗಿನ ಮೊದಲ ಹೊಗೆ ನಿಂತಿತು, ಏರಿನಲ್ಲಿ ಬರುವ ಹೊಗೆ ನಿಲ್ಲಲಿಲ್ಲ, ಡಿಕ್ಕಿಯಲ್ಲಿ ಎಣ್ಣೆ ಡಬ್ಬ ಇಟ್ಟುಕೊಂಡೇ ನಾಗಮಂಗಲಕ್ಕೆ ಹೋಗಿಬರುತ್ತಿದ್ದೆವು. ಮಾವ ಕೆಂಪಣ್ಣನವರಿಗೆ ಆ ಹೊಗೆಯೆಂದರೆ ಒಂದು ಸಂಭ್ರಮ, ನಾಗಮಂಗಲದ ಈಚೆಗೇ ಅವರ ಊರು, ಜಗಲಿಯ ಮೇಲೆ ಕೂತರೆ ಕೆರೆ ಏರಿ ಆ ತುದಿಯಿಂದ ಈ ತುದಿಗೆ ಕಾಣುತ್ತದೆ, ಏನ್ ಅಳೀಮಯ್ಯ, ಆಲೆಮನೇನೇ ಹೊತ್ಕಂಡು ಬಂದ್ಬುಟ್ರಾ, ಏರಿ ಮ್ಯಾಲೆ ಹೊಗೆ ಕಾಣುಸ್ತು, ಆಗ್ಲೇ ಕಾಪಿಗೆ ಇಡುಸ್ದೆ ಕಣಪ್ಪ, ಅಂದರು ಒಂದು ಸಲ. ಜಗಲಿಯಲ್ಲಿದ್ದವರೆಲ್ಲ ನಕ್ಕರು, ಅವರ ಮಟ್ಟಿಗೆ ಅದು ಪ್ರೀತಿ, ನನಗೆ ಮಾತ್ರ ಎಲ್ಲೋ ಚುಚ್ಚಿತು, ಈ ಹೊಗೆ ನಿಲ್ಲಿಸಿಯೇ ಆ ಏರಿ ಮೇಲೆ ಬರುತ್ತೇನೆ ಎಂಬ ಹಟ, ಎಂಥ ಹಟ, ಯಾರ ಮೇಲೆ, ನಗುತ್ತ ಕಾಪಿಗೆ ಇಡಿಸುವ ಮನುಷ್ಯನ ಮೇಲೆ. ಕೆ.ಆರ್.ಪೇಟೆಯ ಮೆಕ್ಯಾನಿಕ್ ದೇವರಾಜು ಪ್ಲಗ್ಗು ಬಿಚ್ಚಿ ನೋಡಿದ, ಎಣ್ಣೆಯಲ್ಲಿ ನೆಂದು ಕರ್ರಗಿದ್ದವು, ಇದು ಔಸ್ದಿಗೆ ಬಗ್ಗೋದಲ್ಲ ಸಾ, ಪಿಸ್ಟನ್ನು ಆಡೋ ಬೋರು ಸವ್ದೋಗದೆ, ಇಂಜಿನ್ ಇಳ್ಸಿ ಬೋರ್ ಹೊಡ್ಸಿ ಹೊಸ ಪಿಸ್ಟನ್ನು ರಿಂಗು ಹಾಕ್ಬೇಕು ಅಂದ, ಹಾಕು ಅಂದೆ. ಕೀ ಕೊಡುವ ದಿನ ಅವನು ಹೇಳಿದ್ದನ್ನು ನಾನು ಮಂತ್ರದ ಹಾಗೆ ಇಟ್ಟುಕೊಂಡೆ, ರಿಂಗು ಬೋರಿಗೆ ಪಳಗ್ಬೇಕು ಸಾ, ಅಲ್ಲೀಗಂಟ ಸ್ಪೀಡು ನಲವತ್ತು ದಾಟುಸ್ಬ್ಯಾಡಿ, ದಾಟುಸುದ್ರೆ ಗೀರು ಬಿದ್ದು ಮತ್ತೆ ಎಣ್ಣೆ ಕುಡಿಯಕ್ಕೆ ಶುರು ಮಾಡ್ಬುಡ್ತದೆ, ಆಮ್ಯಾಕೆ ನನ್ನ ಕೇಳ್ಬ್ಯಾಡಿ.

ಮುಂದಿನ ವಾರವೇ ಪಕ್ಕದ ಮನೆಯ ಫೋನಿಗೆ ಕರೆ ಬಂತು, ಲಕ್ಷ್ಮಿಯ ತಮ್ಮ ರವೀಂದ್ರ, ಅಕ್ಕ, ಅಪ್ಪಂಗೆ ಉಸ್ರು ಸಿಕ್ಕಿಸ್ಕತಾ ಅದೆ, ಡಾಕ್ಟ್ರು ಮನೇಗೇ ಕರ್ಕಂಡೋಗಿ ಅಂದ್ಬುಟ್ರು, ನಿನ್ನೇ ಕೇಳ್ತಾವ್ರೆ, ಬೇಗ ಬಂದ್ಬುಡು. ಅವಳು ಒಲೆ ಆರಿಸಿ, ಚಪ್ಪಲಿಯನ್ನೂ ಮೆಟ್ಟದೆ ಬಂದು ಕೂತಳು, ಮುಂದೆ, ಎಂದಿನ ಜಾಗದಲ್ಲಿ. ಸೇತುವೆ ದಾಟಿ, ಪಾಂಡವಪುರ ದಾಟಿ, ಇದೇ ರಸ್ತೆ, ಮುಳ್ಳು ನಲವತ್ತಕ್ಕೆ ಬಂದು ನಿಂತಿತು, ನಾನು ನಿಲ್ಲಿಸಿದೆ, ಬಸ್ಸು ಹಿಂದಿನಿಂದ ಹಾರ್ನ್ ಹೊಡೆದು ಮುಂದೆ ಹೋಯಿತು, ಹುಲ್ಲು ತುಂಬಿದ ಲಾರಿ ಮುಂದೆ ಹೋಯಿತು, ನಾನೇ ಅಂದೆ, ಹೊಸ ರಿಂಗು ಕಣೆ, ಈಗ ಜೋರು ಮಾಡಿದ್ರೆ ಮಾಡ್ಸಿದ್ದೆಲ್ಲ ಹಾಳಾಯ್ತದೆ, ಹೂಂ ಅಂದಳು, ಅಪ್ಪಂಗೆ ಏನಾಗಲ್ಲ, ಗಟ್ಟಿ ಜೀವ ಅದು ಅಂದೆ, ಅದಕ್ಕೂ ಹೂಂ ಅಂದಳು, ಕಿಟಕಿಯಾಚೆ ನೋಡುತ್ತಲೇ. ಆಗ ಕಂಡದ್ದು, ಗೇರು ಬದಲಿಸುವಾಗ ಕಣ್ಣು ಕೆಳಗೆ ಹೋದಾಗ, ಅವಳ ಬರಿಗಾಲು, ಕಾರಿನ ನೆಲದ ಮೇಲೆ ಹಾಸಿದ ರಬ್ಬರಿನ ಮೇಲೆ, ಬೆರಳುಗಳನ್ನು ಮಡಿಚಿ, ಕಾಲುಂಗುರ ಊರಿ, ಒತ್ತುತ್ತಿದೆ, ಎಕ್ಸಿಲರೇಟರ್ ಇರುವುದು ನನ್ನ ಕಾಲಡಿ, ಅವಳ ಕಡೆ ಒತ್ತಲು ಏನೂ ಇಲ್ಲ, ಆದರೂ ಒತ್ತುತ್ತಿದೆ, ತಿರುವು ಬಂದಾಗ ಸಡಿಲವಾಗುತ್ತದೆ, ರಸ್ತೆ ನೆಟ್ಟಗಾದ ಕೂಡಲೇ ಮತ್ತೆ ಒತ್ತುತ್ತದೆ, ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಾಯಿತು, ಗೊತ್ತಾಗಿಯೂ ಮುಳ್ಳಿನ ಕಡೆ ನೋಡಿದೆ, ನಲವತ್ತು, ಸರಿಯಾಗಿದೆ ಎಂದುಕೊಂಡೆ. ಬಾಯಿಬಿಟ್ಟು ಒಂದು ಮಾತು ಅಂದಿದ್ದರೆ ಓಡಿಸುತ್ತಿದ್ದೆನಲ್ಲ, ರೀ, ಬೇಗ ಅಂದಿದ್ದರೆ — ಇನ್ನು ಹೇಗೆ ಅನ್ನಬೇಕಿತ್ತು ಅವಳು. ಕೆರೆ ಏರಿ ಬಂತು, ಏರಿಯ ಮೇಲೆ ನಾನು ಕನ್ನಡಿ ನೋಡಿದೆ, ಹೌದು, ನೋಡಿದೆ, ಹೊಗೆ ಇಲ್ಲ ಎಂದು ಒಂದು ಗಳಿಗೆ ಮನಸ್ಸು ಉಬ್ಬಿತು, ಆ ಗಳಿಗೆಯನ್ನು ಯಾರ ಮುಂದೆ ಹೇಳಲಿ, ಆಗಲೇ ಊರಿನ ಕಡೆಯಿಂದ ಹೆಂಗಸರ ಅಳು ಕೇಳಿಸಿತು, ಕಾರು ನಿಲ್ಲುವ ಮುಂಚೆಯೇ ಲಕ್ಷ್ಮಿ ಬಾಗಿಲು ತೆಗೆದು ಓಡಿದಳು. ಮಾವನನ್ನು ಇನ್ನೂ ಜಗಲಿಯ ಮಂಚದ ಮೇಲೆಯೇ ಮಲಗಿಸಿದ್ದರು, ರವೀಂದ್ರ ಬಂದು ನನ್ನ ಕೈ ಹಿಡಿದುಕೊಂಡ, ಈಗ್ತಾನೆ ಬಾವ, ಈಗ್ತಾನೆ, ಕಣ್ ಬುಟ್ಟು ಬುಟ್ಟು ಕೇಳ್ತಾನೇ ಇದ್ರು, ಏರಿ ಮ್ಯಾಲೆ ಹೊಗೆ ಕಾಣ್ತದೇನ್ಲಾ ನೋಡು ಅಂತ, ನೋಡ್ದೆ, ಬಿಳೀ ಕಾರೊಂದು ಬತ್ತಾ ಇತ್ತು, ಹೊಗೆ ಇರ್ನಿಲ್ವಲ್ಲ, ಬ್ಯಾರೆ ಯಾರ್ದೋ ಅನ್ಕಂಡು ಇಲ್ಲ ಕಣಪ್ಪ ಅಂದ್ಬುಟ್ಟೆ, ಅಷ್ಟಕ್ಕೇ ಕಣ್ ಮುಚ್ಕಂಡ್ರು. ಅವನು ಅತ್ತು ಅತ್ತು ಹೇಳಿದ, ತಪ್ಪು ತನ್ನದೇ ಎಂಬ ಹಾಗೆ, ಲಕ್ಷ್ಮಿ ಅಪ್ಪನ ಕಾಲು ಹಿಡಿದು ಕೂತವಳು ಅದನ್ನು ಕೇಳಿಸಿಕೊಂಡಳು, ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ, ಕಾರಿನ ಕಡೆ ನೋಡಿದಳು.

ಮತ್ತೆ ಕೆ.ಆರ್.ಪೇಟೆಗೆ ಹೋದಾಗ ದೇವರಾಜು ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ಬಿಸಿಲಿಗೆ ಹಿಡಿದು ಬೀಗಿದ, ನೋಡಿ ಸಾ, ಗೆರೆ ಮಟ್ಟ ಗೆರೇಲೇ ಅದೆ, ತೊಟ್ಟು ಇಳ್ದಿಲ್ಲ, ನೀವು ಪಳಗಿಸ್ದಂಗೆ ಯಾರೂ ಪಳಗ್ಸಕಿಲ್ಲ, ಆಗ ನನಗೆ ತಡೆಯಲಾಗಲಿಲ್ಲ, ಆ ದಿನದ್ದನ್ನು ಹೇಳಿಬಿಟ್ಟೆ, ಅವನು ಕೈ ಒರೆಸುವುದನ್ನು ನಿಲ್ಲಿಸಿದ, ಅಯ್ಯೋ, ಅಂತಾ ಟೇಮಲ್ಲಿ ಜೋರಾಗಿ ಎತ್ಕಂಡು ಓಗದಲ್ವಾ ಸಾ, ನಾನ್ ಹೇಳಿದ್ದು ಸುಮ್ನೆ ತಿರುಗಾಟುಕ್ಕೆ, ಏನಾಯ್ತಿತ್ತು, ಎಚ್ಚು ಅಂದ್ರೆ ಒಂದೀಟು ಎಣ್ಣೆ ಕುಡೀತಿತ್ತು. ಒಂದೀಟು ಎಣ್ಣೆ, ವರ್ಷಗಟ್ಟಲೆ ಕುಡಿದಿತ್ತಲ್ಲ, ಇನ್ನೊಂದೀಟು ಕುಡಿಯುತ್ತಿತ್ತು, ಡಿಕ್ಕಿಯಲ್ಲಿ ಡಬ್ಬ ಇರುತ್ತಿತ್ತು, ಏರಿಯ ಮೇಲೆ ಹೊಗೆ ಕಾಣುತ್ತಿತ್ತು. ಕಾರು ಮಾರಿಬಿಡಲಾ ಎಂದು ಲಕ್ಷ್ಮಿಯನ್ನು ಕೇಳಿದೆ ಒಂದು ದಿನ, ಯಾಕೆ ಮಾರ್ತೀರಿ, ಚೆನ್ನಾಗೇ ಓಡ್ತಾ ಅದಲ್ಲ ಅಂದಳು, ಅದರಲ್ಲಿ ಕೊಂಕು ಹುಡುಕಿದೆ, ಇರಲಿಲ್ಲ. ಈಗ ಜಕ್ಕನಹಳ್ಳಿ ಬಂತು, ಹೋಯಿತು, ಮುಂದೆ ರಸ್ತೆ ನೆಟ್ಟಗೆ, ಎರಡೂ ಬದಿ ಹುರುಳಿ ಹೊಲ, ಎದುರಿಗೆ ಯಾರೂ ಇಲ್ಲ, ಕಾಲು ತಾನಾಗಿ ಒತ್ತುತ್ತದೆ, ಐವತ್ತು, ಅರವತ್ತು, ಇಂಜಿನ್ನು ಹೂವಿನ ಹಾಗೆ, ಎಪ್ಪತ್ತಕ್ಕೂ ನಡುಕವಿಲ್ಲ, ಇನ್ನೂ ಒತ್ತುತ್ತೇನೆ, ಗಾಳಿ ನುಗ್ಗಿ ಬುಟ್ಟಿಯ ಮೇಲಿನ ಬಟ್ಟೆ ಪಟಪಟ ಎನ್ನುತ್ತದೆ, ಅವಳು ಬೈಯಲಿ, ಆ ದಿನ ಯಾಕೆ ಹೀಗೆ ಓಡಿಸಲಿಲ್ಲ ಎಂದು ಒಂದು ಸಲ ಕೇಳಲಿ, ಕೇಳಿದರೆ ಕಾರು ನಿಲ್ಲಿಸಿ ಇಲ್ಲೇ ರಸ್ತೆಯ ಮೇಲೆ ಅತ್ತುಬಿಡುತ್ತೇನೆ. ಹಿಂದಿನಿಂದ ಅವಳ ದನಿ ಬಂತು, ಮೆಲ್ಲಗೆ, ಯಾಕಿಂಗೆ ಓಡಿಸ್ತಿದ್ದೀರಿ, ನಿಧಾನುಕ್ಕೆ ಓಗಿ, ಈಗೇನು ಅವಸ್ರ. ಸಿಟ್ಟಿಲ್ಲ ಆ ದನಿಯಲ್ಲಿ, ನನ್ನನ್ನು ಚುಚ್ಚಬೇಕೆಂದೂ ಇಲ್ಲ, ನಿಜಕ್ಕೂ ಅವಸರವಿಲ್ಲ ಅಷ್ಟೆ, ಹೋಗಿ ಮುಟ್ಟಲು ಅಲ್ಲಿ ಯಾರೂ ಕಾಯುತ್ತಿಲ್ಲ. ಕಾಲು ತೆಗೆದೆ. ಲಕ್ಷ್ಮೀ, ಅಂದೆ. ಏನು, ಅಂದಳು. ಏನಿಲ್ಲ, ಅಂದೆ. ಮುಳ್ಳು ಇಳಿಯುತ್ತಿದೆ, ಅರವತ್ತು, ಐವತ್ತು, ಕನ್ನಡಿಯ ಕಡೆ ನೋಡಲಾರೆ, ರಸ್ತೆಯ ಕಡೆ ನೋಡುತ್ತೇನೆ, ಆದರೂ ಕಣ್ಣು ಪಕ್ಕಕ್ಕೆ ಹೋಗುತ್ತದೆ, ಖಾಲಿ ಸೀಟು, ಅದರ ಕೆಳಗೆ ರಬ್ಬರು, ರಬ್ಬರಿನ ಮೇಲೆ ಆ ದಿನದ ಅವಳ ಬರಿಗಾಲು, ಬೆರಳು ಮಡಿಚಿ, ಕಾಲುಂಗುರ ಊರಿ, ಏನೂ ಇಲ್ಲದ ಕಡೆ ಒತ್ತುತ್ತಿದೆ, ಒತ್ತುತ್ತಲೇ ಇದೆ —