ಮೊದ್ಲು ನೀರು

ಒಂದು ಕ್ಯಾನ್ ಶುದ್ಧ ನೀರಿಗೆ ಅವಳ ಅರ್ಧ ದಿನದ ಕೂಲಿ. ಬೀದಿ ನಲ್ಲಿಯ ನೀರು ಪುಕ್ಕಟೆ, ಆದರೆ ಅದಕ್ಕೆ ಚರಂಡಿ ಬೆರೆತು ಮಗಳಿಗೆ ಭೇದಿ ಹಿಡಿದಿತ್ತು. ಕುದಿಸೋಣವೆಂದರೆ ಸೀಮೆಎಣ್ಣೆ ನೀರಿಗಿಂತ ದುಬಾರಿ. ಗಂಡ ಹೇಳದೆ ಕೇಳದೆ ಬಿಟ್ಟುಹೋದ ಮೇಲೆ ಅವಳು, ಅವಳ ತಾಯಿ, ಮಗು, ಇಷ್ಟೇ ಸಂಸಾರ. ದುಡಿಯುವ ಕೈ ಒಂದೇ. ಔಷಧಿ ಕೊಟ್ಟ ನರ್ಸಮ್ಮ, ಒಳ್ಳೆ ನೀರು ಕುಡಿಸದಿದ್ದರೆ ಈ ಔಷಧಿಯೂ ದಂಡ, ಮಗು ಉಳಿಯುವುದು ಕಷ್ಟ ಎಂದಿದ್ದಳು.

ಅವಳು ಪಾತ್ರೆ ತೊಳೆಯುವ ಹೋಟೆಲಿನಲ್ಲಿ ಗಿರಾಕಿ ಕೂತರೆ ಸಾಕು, ಫಿಲ್ಟರ್ ನೀರಿನ ಜಗ್ಗು ಬರುತ್ತಿತ್ತು. ಅವರು ಎದ್ದುಹೋದ ಮೇಲೆ ಉಳಿದ ಅರ್ಧ ಜಗ್ಗು ಮೋರಿಗೆ. ಯಾರೂ ಬಾಯಿ ಹಚ್ಚದ ಆ ನೀರನ್ನೇ ಅವಳು ಬಾಟ್ಲಿಗೆ ಬಸಿದುಕೊಳ್ಳುತ್ತಿದ್ದಾಗ ಮಾಲೀಕ ಹಿಂದಿನಿಂದ ಜಡೆ ಹಿಡಿದೆಳೆದ.

"ಗಂಡ ಬಿಟ್ಟ ಮುಂಡೆ, ಕದಿಯೋಕೆ ನನ್ನ ಹೋಟ್ಲೇ ಬೇಕಾಯ್ತಾ?"

ಹೇಗೂ ಮೋರಿಗೆ ಹೋಗೋ ನೀರಣ್ಣ, ಮಗೂಗೆ ಹುಷಾರಿಲ್ಲ ಎಂದಳು. ಮೋರಿಯೂ ನನ್ನದೇ ಎಂದ ಅವನು. ಗಿರಾಕಿಗಳ ಕಣ್ಣೆದುರೇ ಅವಳ ಕೈಯಿಂದಲೇ ಬಾಟ್ಲಿ ಬರಿದು ಮಾಡಿಸಿದ. ಒಬ್ಬ ನಕ್ಕ. ಉಳಿದವರು ತಟ್ಟೆ ನೋಡುತ್ತ ತಿಂದರು.

ಅವಳು ಸೊಂಟದ ಒದ್ದೆ ಬಟ್ಟೆ ಬಿಚ್ಚಿ ಪಾತ್ರೆ ರಾಶಿಯ ಮೇಲೆಸೆದು, ನೇರ ನಡುವಿನ ಟೇಬಲ್ಲಿಗೆ ಹೋಗಿ ಕೂತಳು. ಬಸ್ಸಿಗೆಂದು ಇಟ್ಟುಕೊಂಡ ಚಿಲ್ಲರೆಯನ್ನು ಮುಂದಿಟ್ಟಳು.

"ಒಂದು ಟೀ ಕೊಡಣ್ಣ. ಮೊದ್ಲು ನೀರು."

ಸಪ್ಲೈಯರ್ ಮುದುಕ ಮಾಲೀಕನ ಮುಖ ನೋಡಿದ, ಅವಳ ಮುಖ ನೋಡಿದ. ಗಿರಾಕಿ ಕೂತರೆ ನೀರಿಡುವುದು ತಲೆ ನೆರೆಯುವವರೆಗೆ ಮಾಡಿದ ಅಭ್ಯಾಸ. ತುಂಬಿದ ಜಗ್ಗು ತಂದಿಟ್ಟ. ಅವಳು ಬಾಟ್ಲಿಗೆ ಬಗ್ಗಿಸತೊಡಗಿದಳು.

"ಏಯ್, ಏಳೇ ಮೇಲೆ! ಅದು ಕುಡಿಯೋಕೆ, ಹೊತ್ಕೊಂಡು ಹೋಗೋಕಲ್ಲ."

"ಆಗ್ಲೇ ಕಾರಿನವರು ಎರಡು ಬಾಟ್ಲಿ ತುಂಬಿಸ್ಕೊಂಡ್ರು. ನೀನೇ ಬಾಗಿಲ ತನಕ ಹೋಗಿ ನಮಸ್ಕಾರ ಹಾಕ್ದೆ. ನಂಗೆ ನಮಸ್ಕಾರ ಬೇಡ, ಬಿಡು."

ಅವನು ಕೈಯೆತ್ತಿದ. ಈಗ ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಎತ್ತಿದ ಕೈಯಿಂದ ತಲೆ ಕೆರೆದುಕೊಂಡು, ನಾಳೆಯಿಂದ ಈ ಕಡೆ ಮುಖ ಹಾಕಬೇಡ, ವಾರದ ಕೂಲಿಯೂ ಇಲ್ಲ ಎಂದ. ಅವಳು ಬಾಟ್ಲಿಯ ಮುಚ್ಚಳ ಬಿಗಿ ಮಾಡಿದಳು. ಮುದುಕ ಟೀ ತಂದಿಟ್ಟ. ಕಾಸು ಕೊಟ್ಟ ಟೀ, ಆರಿಸಿಕೊಂಡು ಕುಡಿದೇ ಎದ್ದಳು.

ಕೆಲಸ ಹೋಯಿತು, ವಾರದ ಕೂಲಿ ಹೋಯಿತು. ಮನೆಗೆ ಒಂದು ಬಾಟ್ಲಿ ಒಳ್ಳೆ ನೀರು ಬಂತು. ಮಗು ಗಟಗಟನೆ ಅಷ್ಟನ್ನೂ ಕುಡಿದು, ಇನ್ನೂ ಬೇಕು ಎಂದಿತು.